ಡಿವೋರ್ಸ್ ಆದ ಮೇಲೆ ಜಂಟಿ ಸ್ಟೇಟ್ ಟ್ಯಾಕ್ಸ್ ರಿಫಂಡ್: ಅಮೆರಿಕದ ರಿಟರ್ನ್‌ನಲ್ಲಿ ಎಷ್ಟು ತೋರಿಸಬೇಕು, ಹೇಗೆ ತೋರಿಸಬೇಕು

ಫೆಬ್ರವರಿ ಬಂತೆಂದರೆ ಪರಿಚಯದವರಿಂದ ಈ ಪ್ರಶ್ನೆ ಬಂದೇ ಬರುತ್ತದೆ. "1099-ಜಿ ಬಂದಿದೆ. 1,800 ಡಾಲರ್ ಅಂತಿದೆ. ಹೆಸರು ನನ್ನದೊಂದೇ ಇದೆ. ಆದರೆ ಅರ್ಧ ದುಡ್ಡು ಅವರಿಗೆ ಕೊಟ್ಟಾಗಿದೆ. ನಾನು ಎಷ್ಟು ತೋರಿಸಲಿ?" (1099-ಜಿ ಅಂದರೆ ರಾಜ್ಯ ಎಷ್ಟು ರಿಫಂಡ್ ಕೊಟ್ಟಿದೆ ಎಂದು ತಿಳಿಸುವ ಫಾರ್ಮ್.)

ಕೆಲವರು ಪೂರ್ತಿ 1,800 ತುಂಬುತ್ತಾರೆ. ಕೆಲವರು ಸುಮ್ನೆ ಅರ್ಧ ಮಾಡಿ 900 ಹಾಕುತ್ತಾರೆ. ಇನ್ನು ಕೆಲವರು ನನಗೆ ಫಾರ್ಮೇ ಬಂದಿಲ್ಲ ಅಂತ ಬಿಟ್ಟೇಬಿಡುತ್ತಾರೆ. ಮೂರೂ ತಪ್ಪಾಗಬಹುದು. ಯಾಕೆಂದರೆ ಎಲ್ಲರೂ ಮೊದಲು ಪಾಲು ಮಾಡಲು ಹೊರಡುತ್ತಾರೆ. ಮೊದಲು ನೋಡಬೇಕಾದದ್ದು, ಈ ರಿಫಂಡ್‌ನಲ್ಲಿ ಎಷ್ಟು ಟ್ಯಾಕ್ಸ್‌ಗೆ ಒಳಪಡುತ್ತದೆ ಅನ್ನುವುದನ್ನು. ಅದು ತೀರ್ಮಾನವಾಗುವುದು ನೀವಿಬ್ಬರೂ ಸೇರಿ ಹಾಕಿದ್ದ ಹಳೆಯ ರಿಟರ್ನ್‌ನಿಂದ. ಪಾಲಿನ ಮಾತು ಆಮೇಲೆ. ಈ ಕ್ರಮ ತಪ್ಪಿದರೆ ಲೆಕ್ಕ ಎಲ್ಲೂ ಕೂಡಿಬರುವುದಿಲ್ಲ.

ಇಲ್ಲಿ ಒಂದು ಸಾಮಾನ್ಯ ಸಂದರ್ಭ ಇಟ್ಟುಕೊಳ್ಳುತ್ತೇನೆ. 2024ಕ್ಕೆ ಗಂಡ ಹೆಂಡತಿ ಫೆಡರಲ್ ಮತ್ತು ಸ್ಟೇಟ್ ಎರಡೂ ರಿಟರ್ನ್ ಜಂಟಿಯಾಗಿ ಹಾಕಿದ್ದರು. 2025ರಲ್ಲಿ ಸ್ಟೇಟ್ ರಿಫಂಡ್ ಬಂತು. ಅದೇ ವರ್ಷ ಡಿವೋರ್ಸ್ ಆಯಿತು. 2026ರಲ್ಲಿ ಇಬ್ಬರೂ ತಮ್ಮ ತಮ್ಮ 2025ರ ರಿಟರ್ನ್ ಹಾಕುತ್ತಿದ್ದಾರೆ. ನಿಮ್ಮ ವರ್ಷ ಬೇರೆ ಇದ್ದರೆ ಆ ವರ್ಷದ ಅಂಕಿಗಳನ್ನು ಹಾಕಿಕೊಳ್ಳಿ, ಕ್ರಮ ಇದೇ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದ ಕಾಗದಗಳು

1099-ಜಿ ಫಾರ್ಮ್. 2024ರ ಜಂಟಿ ಫೆಡರಲ್ ರಿಟರ್ನ್, ಶೆಡ್ಯೂಲ್ ಎ (ಡಿಡಕ್ಷನ್‌ಗಳನ್ನು ಒಂದೊಂದಾಗಿ ಪಟ್ಟಿ ಮಾಡುವ ಹಾಳೆ) ಇದ್ದರೆ ಅದರ ಸಮೇತ. ಜಂಟಿ ಸ್ಟೇಟ್ ರಿಟರ್ನ್. ಇಬ್ಬರ 2024ರ ಡಬ್ಲ್ಯೂ-2, ಅಂದರೆ ಸಂಬಳ ಮತ್ತು ಅದರಲ್ಲಿ ಹಿಡಿದ ಟ್ಯಾಕ್ಸ್ ತೋರಿಸುವ ಫಾರ್ಮ್. ಡಿವೋರ್ಸ್ ಡಿಕ್ರಿ ಮತ್ತು ಸೆಟಲ್‌ಮೆಂಟ್ ಅಗ್ರಿಮೆಂಟ್. ರಿಫಂಡ್ ಯಾವ ಅಕೌಂಟಿಗೆ, ಯಾವ ದಿನ ಬಂತು ಎಂದು ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟ್.

ತುಂಬಾ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಹಳೆಯ ರಿಟರ್ನ್ ಇನ್ನೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಇರುತ್ತದೆ, ಕೇಳಲು ಮನಸ್ಸು ಬರುವುದಿಲ್ಲ. ಕೇಳಲೇಬೇಕಾಗಿಲ್ಲ. ಜಂಟಿ ರಿಟರ್ನ್‌ಗೆ ಇಬ್ಬರೂ ಸಹಿ ಹಾಕಿರುತ್ತೀರಿ. ಹಾಗಾಗಿ ಅದರ ಟ್ರಾನ್‌ಸ್ಕ್ರಿಪ್ಟ್ ಪಡೆಯುವ ಹಕ್ಕು ಇಬ್ಬರಿಗೂ ಇದೆ, ಒಬ್ಬರ ಸಹಿ ಸಾಕು. ಐಆರ್‌ಎಸ್ (ಫೆಡರಲ್ ತೆರಿಗೆ ಇಲಾಖೆ) ವೆಬ್‌ಸೈಟಿನ ನಿಮ್ಮ ಅಕೌಂಟಿನಲ್ಲಿ ನೋಡಿ, ಇಲ್ಲವೇ ಫಾರ್ಮ್ 4506-ಟಿ ಕಳಿಸಿ. ರಿಟರ್ನ್ ಟ್ರಾನ್‌ಸ್ಕ್ರಿಪ್ಟ್‌ನಲ್ಲಿ ಸಾಲು ಸಾಲಾಗಿ ಅಂಕಿಗಳು ಸಿಗುತ್ತವೆ, ಈ ಕೆಲಸಕ್ಕೆ ಅಷ್ಟು ಸಾಕು.

1099-ಜಿ ಸಾಮಾನ್ಯವಾಗಿ ಜಂಟಿ ರಿಟರ್ನ್‌ನಲ್ಲಿ ಮೊದಲು ಯಾರ ಹೆಸರಿತ್ತೋ ಅವರ ಸೋಶಿಯಲ್ ಸೆಕ್ಯುರಿಟಿ ನಂಬರಿಗೆ ಬರುತ್ತದೆ. ನಮ್ಮವರಲ್ಲಿ ಅದು ಹೆಚ್ಚಾಗಿ ಎಚ್-1ಬಿ ಕೆಲಸದ ವೀಸಾ ಇದ್ದವರ ಹೆಸರು. ಅವರ ಸಂಗಾತಿಯಾಗಿ ಎಚ್-4 ವೀಸಾದಲ್ಲಿದ್ದು ಐಟಿಐಎನ್ (ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದವರ ತೆರಿಗೆ ನಂಬರ್) ಹಾಕಿದ್ದವರ ಕೈಗೆ ಆ ಕಾಗದ ಬರುವುದೇ ಇಲ್ಲ. ನ್ಯೂಯಾರ್ಕ್‌ನಂಥ ರಾಜ್ಯಗಳು ರಿಫಂಡ್‌ನ 1099-ಜಿಯನ್ನು ಅಂಚೆಯಲ್ಲಿ ಕಳಿಸುವುದಿಲ್ಲ, ಆನ್‌ಲೈನ್‌ನಲ್ಲೇ ನೋಡಿಕೊಳ್ಳಬೇಕು. ಕಾಗದ ಬರಲಿಲ್ಲ ಅಂದ ಮಾತ್ರಕ್ಕೆ ನಿಮ್ಮ ಪಾಲಿಗೆ ಆದಾಯವೇ ಇಲ್ಲ ಅಂತಲ್ಲ.

ಫಾರ್ಮ್ ಕೈಗೆ ಸಿಕ್ಕಾಗ ಎರಡೇ ಚೌಕ ನೋಡಿ. ಬಾಕ್ಸ್ 2ರಲ್ಲಿ ರಿಫಂಡ್ ಮೊತ್ತ. ಬಾಕ್ಸ್ 3ರಲ್ಲಿ ಅದು ಯಾವ ವರ್ಷದ ತೆರಿಗೆಗೆ ಸೇರಿದ್ದು ಅನ್ನುವುದು. ಬಾಕ್ಸ್ 1 ನಿರುದ್ಯೋಗ ಭತ್ಯೆಯದು, ಅದನ್ನು ಇದರ ಜೊತೆ ಬೆರೆಸಬೇಡಿ. ಬಾಕ್ಸ್ 3ರಲ್ಲಿ 2022 ಅಂತಿದ್ದರೆ, ಅದು ತಿದ್ದುಪಡಿ ರಿಟರ್ನ್ ಹಾಕಿ ತಡವಾಗಿ ಬಂದ ದುಡ್ಡು ಇರಬಹುದು. ಆಗ ತೆಗೆಯಬೇಕಾದದ್ದು 2022ರ ಶೆಡ್ಯೂಲ್ ಎ, 2024ರದಲ್ಲ.

## ಹಂತ 1: ಡಿಸೆಂಬರ್ 31ರಂದು ನೀವು ಏನಾಗಿದ್ದಿರಿ?

ಫೈಲಿಂಗ್ ಸ್ಟೇಟಸ್ ನಿರ್ಧಾರವಾಗುವುದು ವರ್ಷದ ಕೊನೆಯ ದಿನ. ಅಂತಿಮ ಡಿಕ್ರಿ 2025ರ ಡಿಸೆಂಬರ್ 31ರೊಳಗೆ ಆಗಿದ್ದರೆ ಇಡೀ ವರ್ಷಕ್ಕೆ ನೀವು ಅವಿವಾಹಿತರು. ಆಗಿಲ್ಲದಿದ್ದರೆ ಬೇರೆ ಬೇರೆ ಮನೆಯಲ್ಲಿದ್ದರೂ ಸಾಮಾನ್ಯವಾಗಿ ವಿವಾಹಿತರೇ.

ಕ್ಯಾಲಿಫೋರ್ನಿಯಾದಲ್ಲಿ ಕನಿಷ್ಠ ಆರು ತಿಂಗಳ ಕಾಯುವಿಕೆ ಇದೆ, ಮದುವೆ ಯಾವ ದಿನ ಮುಗಿಯಿತು ಅಂತ ಜಜ್‌ಮೆಂಟಿನಲ್ಲೇ ಬರೆದಿರುತ್ತದೆ. ಆ ದಿನಾಂಕ ನೋಡಿ, ಅರ್ಜಿ ಹಾಕಿದ ದಿನವನ್ನಲ್ಲ. ಬೆಂಗಳೂರಿನ ಫ್ಯಾಮಿಲಿ ಕೋರ್ಟಿನಲ್ಲಿ ಪರಸ್ಪರ ಒಪ್ಪಿಗೆಯ ಅರ್ಜಿ ಹಾಕಿದವರೂ ಇದನ್ನು ಗಮನಿಸಿ. ಮೊದಲ ಮೋಷನ್ ಆದ ಮಾತ್ರಕ್ಕೆ ವಿಚ್ಛೇದನ ಆಗುವುದಿಲ್ಲ. ಎರಡನೆಯದೂ ಮುಗಿದು ಡಿಕ್ರಿ ಬರಬೇಕು.

## ಹಂತ 2: ಹಳೆಯ 1040ರ 12ನೇ ಸಾಲು ನೋಡಿ

ಇಲ್ಲೇ ಅರ್ಧ ಜನರ ಕೆಲಸ ಮುಗಿಯುತ್ತದೆ. 2024ರ ಜಂಟಿ 1040 (ಫೆಡರಲ್ ರಿಟರ್ನ್‌ನ ಮುಖ್ಯ ಫಾರ್ಮ್) ತೆಗೆದು 12ನೇ ಸಾಲಿನ ಮೇಲೆ ಬೆರಳಿಡಿ. ಅಲ್ಲಿ 29,200 ಅಂತಿದೆಯಾ? ಅದು 2024ರಲ್ಲಿ ಜಂಟಿಯಾಗಿ ಫೈಲ್ ಮಾಡಿದವರ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಖರ್ಚಿನ ಪಟ್ಟಿ ಕೊಡದೆಯೇ ಆದಾಯದಿಂದ ಕಳೆಯಬಹುದಾದ ನಿಗದಿತ ಮೊತ್ತ. 65 ದಾಟಿದವರಿದ್ದರೆ ತಲಾ 1,550 ಜಾಸ್ತಿ ಇರುತ್ತದೆ.

ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಂಡಿದ್ದರೆ ನೀವು ಸ್ಟೇಟ್ ಟ್ಯಾಕ್ಸನ್ನು ಡಿಡಕ್ಷನ್ ಅಂತ ತೋರಿಸಿಯೇ ಇಲ್ಲ. ಅದರಿಂದ ಲಾಭ ಆಗಿಲ್ಲ ಅಂದ ಮೇಲೆ, ವಾಪಸ್ ಬಂದ ದುಡ್ಡು ಆದಾಯವೂ ಅಲ್ಲ. ಟ್ಯಾಕ್ಸ್‌ಗೆ ಸೇರುವುದು ಸೊನ್ನೆ. ಇಬ್ಬರಿಗೂ ಸೊನ್ನೆ. ಪಾಲಿನ ಪ್ರಶ್ನೆಯೇ ಇಲ್ಲ. 1099-ಜಿಯನ್ನು ಫೈಲಿಗೆ ಸೇರಿಸಿ, ನೇರವಾಗಿ ಬಡ್ಡಿಯ ಮಾತಿಗೆ, ಅಂದರೆ ಹಂತ 7ಕ್ಕೆ ಹೋಗಿ.

12ನೇ ಸಾಲಿನಲ್ಲಿ ಬೇರೆ ಅಂಕಿ ಇದ್ದರೆ ಶೆಡ್ಯೂಲ್ ಎ ಹಾಕಿದ್ದೀರಿ ಅಂತ. ಮುಂದೆ ಬನ್ನಿ.

## ಹಂತ 3: ಶೆಡ್ಯೂಲ್ ಎಯ 5ನೇ ಸಾಲು

ಸಾಲು 5ಎಯಲ್ಲಿ ಸ್ಟೇಟ್ ಇನ್‌ಕಮ್ ಟ್ಯಾಕ್ಸ್ ಇರುತ್ತದೆ. ಅದರ ಬದಲು ಸೇಲ್ಸ್ ಟ್ಯಾಕ್ಸ್ ಆರಿಸಿಕೊಂಡು ಅಲ್ಲಿನ ಪುಟ್ಟ ಚೌಕಕ್ಕೆ ಟಿಕ್ ಹಾಕಿದ್ದರೆ ಇನ್‌ಕಮ್ ಟ್ಯಾಕ್ಸ್ ರಿಫಂಡ್ ಸಾಮಾನ್ಯವಾಗಿ ಟ್ಯಾಕ್ಸ್‌ಗೆ ಬರುವುದಿಲ್ಲ. 5ಬಿಯಲ್ಲಿ ಮನೆಯ ಪ್ರಾಪರ್ಟಿ ಟ್ಯಾಕ್ಸ್. 5ಡಿಯಲ್ಲಿ ಎಲ್ಲದರ ಮೊತ್ತ. 5ಇಯಲ್ಲಿ ನಿಜವಾಗಿ ಸಿಕ್ಕ ಡಿಡಕ್ಷನ್. 2024ರಲ್ಲಿ ಜಂಟಿ ರಿಟರ್ನ್‌ಗೆ ಅದರ ಮಿತಿ 10,000 ಡಾಲರ್.

ನಿಮ್ಮ ಉತ್ತರ ಇರುವುದು 5ಡಿ ಮತ್ತು 5ಇ ನಡುವೆ. 5ಡಿಯಿಂದ ರಿಫಂಡ್ ಕಳೆಯಿರಿ. ಕಳೆದ ಮೇಲೂ 10,000 ಅಥವಾ ಅದಕ್ಕಿಂತ ಹೆಚ್ಚು ಉಳಿದರೆ ಮತ್ತೆ ಸೊನ್ನೆ. ಬೇ ಏರಿಯಾದಲ್ಲಿ ಇಬ್ಬರೂ ಕೆಲಸ ಮಾಡುತ್ತಿದ್ದ, ಸ್ವಂತ ಮನೆ ಇದ್ದ ಜೋಡಿಗಳ 2024ರ ಲೆಕ್ಕ ಹೆಚ್ಚಾಗಿ ಹೀಗೇ ಇರುತ್ತದೆ. 5ಡಿಯಲ್ಲಿ 23,000, ರಿಫಂಡ್ 2,400. ಕಳೆದರೆ 20,600. ಆ 2,400 ಮೊದಲೇ ಕಟ್ಟಿರದಿದ್ದರೂ ಅವರಿಗೆ ಸಿಗುತ್ತಿದ್ದದ್ದು ಅದೇ 10,000. ಹೆಚ್ಚುವರಿ ಲಾಭ ಏನೂ ಆಗಿಲ್ಲ. 2019ರಲ್ಲೇ ಐಆರ್‌ಎಸ್ ಇದನ್ನು ರೆವೆನ್ಯೂ ರೂಲಿಂಗ್ 2019-11ರಲ್ಲಿ ಉದಾಹರಣೆ ಸಮೇತ ಬಿಡಿಸಿ ಹೇಳಿದೆ.

ಒಂದು ಎಚ್ಚರಿಕೆ. 2025ರ ತೆರಿಗೆ ವರ್ಷದಿಂದ ಈ ಮಿತಿ 40,000 ಡಾಲರಿಗೆ ಏರಿದೆ. ಆದಾಯ 5,00,000 ಡಾಲರ್ ದಾಟಿದವರಿಗೆ ಮಾತ್ರ ಅದು ಇಳಿಯುತ್ತಾ 10,000ದವರೆಗೆ ಬರುತ್ತದೆ. ಅಂದರೆ 2025ರ ರಿಟರ್ನ್ ಜಂಟಿಯಾಗಿ ಹಾಕಿ, ಅದರ ಸ್ಟೇಟ್ ರಿಫಂಡ್ 2026ರಲ್ಲಿ ಬಂದು, ಆ ವರ್ಷ ಡಿವೋರ್ಸ್ ಆದವರಿಗೆ ಉತ್ತರ ಬೇರೆಯೇ ಆಗಬಹುದು. ಕಳೆದ ಸಲ ಸೊನ್ನೆ ಇತ್ತು ಅಂತ ಮುಂದಿನ ಸಲವೂ ಸೊನ್ನೆ ಅಂದುಕೊಳ್ಳಬೇಡಿ. ಈ ಬದಲಾವಣೆಯಿಂದ ಮುಂದಿನ ವರ್ಷ ತುಂಬಾ ಜನ ಎಡವುತ್ತಾರೆ ಅನ್ನುವುದು ನನ್ನ ಚಿಂತೆ.

## ಹಂತ 4: ಜಂಟಿ ಲೆಕ್ಕ, ಇನ್ನೂ ಪಾಲು ಮಾಡದೆ

ಇದೇ ಈ ಕೆಲಸದ ಜೀವಾಳ. ನಿಧಾನವಾಗಿ ಮಾಡಿ.

ಶೆಡ್ಯೂಲ್ 1 (1040ರ ಜೊತೆ ಹಾಕುವ, ಇತರ ಆದಾಯ ತೋರಿಸುವ ಹಾಳೆ) ಇದರ ಇನ್‌ಸ್ಟ್ರಕ್ಷನ್ಸ್‌ನಲ್ಲಿ ಸ್ಟೇಟ್ ರಿಫಂಡ್‌ಗೆ ಅಂತ ಒಂದು ಸಣ್ಣ ವರ್ಕ್‌ಶೀಟ್ ಇದೆ. ಎಲ್ಲರೂ ಅದನ್ನೇ ತುಂಬಲು ಕೂರುತ್ತಾರೆ. ಆದರೆ ಯಾರು ಅದನ್ನು ಬಳಸಬಾರದು ಅನ್ನುವ ಪಟ್ಟಿಯೂ ಅಲ್ಲೇ ಇದೆ. ಜಂಟಿ ಸ್ಟೇಟ್ ರಿಟರ್ನ್‌ನಿಂದ ರಿಫಂಡ್ ಬಂದು, ಈ ವರ್ಷ ಅದೇ ವ್ಯಕ್ತಿಯ ಜೊತೆ ಜಂಟಿ 1040 ಹಾಕದಿರುವವರು ಆ ಪಟ್ಟಿಯಲ್ಲಿದ್ದಾರೆ. ಅಂದರೆ ನೀವೇ. ನಿಮಗೆ ಬೇಕಾದದ್ದು ಐಆರ್‌ಎಸ್ ಕೈಪಿಡಿಯಾದ ಪಬ್ಲಿಕೇಶನ್ 525ರಲ್ಲಿ ಐಟಮೈಸ್ಡ್ (ಶೆಡ್ಯೂಲ್ ಎಯ) ಡಿಡಕ್ಷನ್ ವಾಪಸ್ ಬಂದಾಗಿನ ಲೆಕ್ಕದ ಭಾಗ.

ಸಾರ ಇಷ್ಟು. ಎರಡು ಅಂಕಿ ಹುಡುಕಿ, ಚಿಕ್ಕದನ್ನು ಆರಿಸಿ.

ಮೊದಲ ಅಂಕಿ: ರಿಫಂಡ್ ಕಳೆದರೆ 5ಇ ಎಷ್ಟು ಕಡಿಮೆಯಾಗುತ್ತಿತ್ತು?
ಎರಡನೆಯದು: ಶೆಡ್ಯೂಲ್ ಎಯ ಒಟ್ಟು ಮೊತ್ತ ಜಂಟಿ ಸ್ಟ್ಯಾಂಡರ್ಡ್ ಡಿಡಕ್ಷನ್‌ಗಿಂತ ಎಷ್ಟು ಹೆಚ್ಚಿತ್ತು?

ಒಂದು ಲೆಕ್ಕ ಮಾಡಿ ನೋಡೋಣ. 5ಡಿಯಲ್ಲಿ 11,200. 5ಇಯಲ್ಲಿ 10,000. ರಿಫಂಡ್ 1,800. ಶೆಡ್ಯೂಲ್ ಎಯ ಒಟ್ಟು ಮೊತ್ತ 30,500.

11,200ರಲ್ಲಿ 1,800 ಕಳೆದರೆ 9,400. ಆಗ ಸಿಗುತ್ತಿದ್ದ ಡಿಡಕ್ಷನ್ 10,000 ಅಲ್ಲ, 9,400. ಕಡಿಮೆಯಾದದ್ದು 600. ಇನ್ನು 30,500ರಲ್ಲಿ 29,200 ಕಳೆದರೆ 1,300. ಎರಡರಲ್ಲಿ ಚಿಕ್ಕದು 600. ಅಂದರೆ 1,800ರಲ್ಲಿ ಟ್ಯಾಕ್ಸ್‌ಗೆ ಸೇರುವುದು 600 ಮಾತ್ರ, ಅದೂ ಇಬ್ಬರದೂ ಸೇರಿ. ಶುರುವಿನಲ್ಲೇ ಅರ್ಧ ಮಾಡಿ 900 ಹಾಕಿದವರು ಎಷ್ಟು ಜಾಸ್ತಿ ತೋರಿಸಿದರು ನೋಡಿ.

ಇನ್ನೊಂದು. 5ಡಿಯಲ್ಲಿ 9,200, ಮಿತಿಯ ಒಳಗೇ ಇದೆ. ರಿಫಂಡ್ ಅದೇ 1,800. ಶೆಡ್ಯೂಲ್ ಎ ಒಟ್ಟು 30,100. ಮೊದಲ ಅಂಕಿ 1,800. ಎರಡನೆಯದು 900. ಟ್ಯಾಕ್ಸ್‌ಗೆ 900.

ಇಲ್ಲಿ ಮಾಡುವ ದೊಡ್ಡ ತಪ್ಪೆಂದರೆ 29,200ರ ಬದಲು ಸಿಂಗಲ್ ವ್ಯಕ್ತಿಯ 14,600 ಹಾಕುವುದು. ಈಗ ನೀವು ಸಿಂಗಲ್ ನಿಜ. ಆದರೆ ಡಿಡಕ್ಷನ್ ಸಿಕ್ಕಿದ್ದು ಜಂಟಿ ರಿಟರ್ನ್‌ನಲ್ಲಿ, ಅಳತೆಯೂ ಅಲ್ಲಿಯದೇ. ಸಾಫ್ಟ್‌ವೇರ್ "ಕಳೆದ ವರ್ಷದ ಫೈಲಿಂಗ್ ಸ್ಟೇಟಸ್" ಕೇಳಿದಾಗ ಜಂಟಿ ಅಂತಲೇ ಕೊಡಿ. ಉತ್ತರ ನಿಮ್ಮ ಕೈಲೆಕ್ಕಕ್ಕೆ ಹೊಂದದಿದ್ದರೆ ಸಾಫ್ಟ್‌ವೇರ್ ಹೇಳಿದ್ದೇ ಸರಿ ಅಂತ ಒಪ್ಪಬೇಡಿ. ಹಳೆಯ ರಿಟರ್ನ್‌ನಿಂದ ಅದು ಏನನ್ನು ಎಳೆದುಕೊಂಡಿದೆ ನೋಡಿ.

2024ರ ನಾಲ್ಕನೇ ಕಂತಿನ ಸ್ಟೇಟ್ ಎಸ್ಟಿಮೇಟೆಡ್ ಟ್ಯಾಕ್ಸನ್ನು 2025ರ ಜನವರಿಯಲ್ಲಿ ಕಟ್ಟಿದ್ದರೆ ರಿಫಂಡನ್ನು ಕಟ್ಟಿದ ಮೊತ್ತಗಳ ಅನುಪಾತದಲ್ಲಿ ಎರಡು ವರ್ಷಕ್ಕೆ ಹಂಚಬೇಕು. ಜನವರಿ ಕಂತಿಗೆ ಸೇರುವ ಭಾಗ ಆದಾಯವಲ್ಲ, ಅದು 2025ರ ಡಿಡಕ್ಷನ್‌ನಿಂದ ಕಳೆಯುತ್ತದೆ. 2024ರಲ್ಲಿ ಆಲ್ಟರ್ನೇಟಿವ್ ಮಿನಿಮಮ್ ಟ್ಯಾಕ್ಸ್ ಕಟ್ಟಿದ್ದರೆ, ಅಥವಾ ಕ್ರೆಡಿಟ್‌ಗಳು ಪೂರ್ತಿ ಬಳಕೆಯಾಗದೆ ಉಳಿದಿದ್ದರೆ, ಲೆಕ್ಕ ಇಷ್ಟು ಸರಳ ಅಲ್ಲ. ಆಗ ಒಬ್ಬ ಸಿಪಿಎ ಹತ್ತಿರ ಹೋಗುವುದೇ ಒಳ್ಳೆಯದು.

## ಹಂತ 5: ಈಗ ಪಾಲು

ಪಬ್ಲಿಕೇಶನ್ 525ರ ಪ್ರಕಾರ, ಆ ಸ್ಟೇಟ್ ಟ್ಯಾಕ್ಸನ್ನು ಯಾರು ಎಷ್ಟು ಕಟ್ಟಿದ್ದರೋ ಅದೇ ಅನುಪಾತದಲ್ಲಿ ಪಾಲು. ಸಮನಾಗಿ ಕಟ್ಟಿದ್ದರೆ ಸಮಪಾಲು. 60:40ರಂತೆ ಕಟ್ಟಿದ್ದರೆ ಮೇಲಿನ 600ರಲ್ಲಿ ಒಬ್ಬರಿಗೆ 360, ಇನ್ನೊಬ್ಬರಿಗೆ 240. ಬಂದ ದುಡ್ಡನ್ನು ಯಾರು ಎಷ್ಟು ಇಟ್ಟುಕೊಳ್ಳುತ್ತಾರೆ ಅನ್ನುವುದು ಬೇರೆ, ಅದು ಸೆಟಲ್‌ಮೆಂಟ್ ಅಗ್ರಿಮೆಂಟ್‌ನ ವಿಷಯ. ಫೆಡರಲ್ ರಿಫಂಡ್ ಬಗ್ಗೆ ಮಾತ್ರ ಬರೆದು ಸ್ಟೇಟ್ ಬಗ್ಗೆ ಏನೂ ಹೇಳದ ಅಗ್ರಿಮೆಂಟ್‌ಗಳನ್ನು ನಾನು ನೋಡಿದ್ದೇನೆ. ನಿಮ್ಮದು ಇನ್ನೂ ಕರಡು ಹಂತದಲ್ಲಿದ್ದರೆ ಇವತ್ತೇ ವಕೀಲರಿಗೆ ಹೇಳಿ ಆ ಒಂದು ಸಾಲು ಸೇರಿಸಿ.

ಈಗ ಯಾರು ಎಷ್ಟು ಕಟ್ಟಿದ್ದರು ಎಂದು ನೋಡಿ. ಇಬ್ಬರ ಡಬ್ಲ್ಯೂ-2ರ ಬಾಕ್ಸ್ 17ರಲ್ಲಿ ಸ್ಟೇಟ್ ಟ್ಯಾಕ್ಸ್ ಎಷ್ಟು ಹಿಡಿದಿದ್ದಾರೆ ಅಂತ ಇರುತ್ತದೆ. ಎರಡನ್ನೂ ಕೂಡಿಸಿ, ಆ ಮೊತ್ತದಲ್ಲಿ ಒಬ್ಬೊಬ್ಬರು ಕಟ್ಟಿದ ಭಾಗ ಎಷ್ಟು ಅಂತ ಲೆಕ್ಕ ಹಾಕಿ. ರಿಫಂಡ್‌ನಲ್ಲೂ ಅವರವರ ಪಾಲು ಅಷ್ಟೇ. ಕ್ಯಾಲಿಫೋರ್ನಿಯಾ, ಅರಿಜೋನಾದಂಥ ಕಮ್ಯುನಿಟಿ ಪ್ರಾಪರ್ಟಿ ರಾಜ್ಯಗಳಲ್ಲಿ ಮದುವೆಯ ಅವಧಿಯ ಸಂಬಳ ಸಾಮಾನ್ಯವಾಗಿ ಇಬ್ಬರಿಗೂ ಅರ್ಧರ್ಧ ಸೇರಿದ್ದು ಅಂತಲೇ ಎಣಿಕೆ. ಅಲ್ಲಿ ಪಾಲೂ ಅರ್ಧರ್ಧದ ಕಡೆಗೇ ವಾಲುತ್ತದೆ.

ಯಾವ ದಾರಿ ಹಿಡಿದರೂ ಒಂದು ಪರೀಕ್ಷೆ ಇದೆ. ಇಬ್ಬರು ತೋರಿಸಿದ ಅಂಕಿ ಕೂಡಿದರೆ ಹಂತ 4ರ ಜಂಟಿ ಮೊತ್ತವೇ ಬರಬೇಕು. ಅದಕ್ಕೆ ಇಬ್ಬರೂ ಒಂದೇ ಲೆಕ್ಕ ಹಿಡಿಯಬೇಕು. ಮಾತಾಡುವುದು ಎಷ್ಟು ಕಷ್ಟ ಅಂತ ಗೊತ್ತು. ಫೋನ್ ಬೇಡ, ನಾಲ್ಕು ಸಾಲಿನ ಮೇಲ್ ಸಾಕು:

"2024ರ ಸ್ಟೇಟ್ ರಿಫಂಡ್ 1,800. ಅದರಲ್ಲಿ ಟ್ಯಾಕ್ಸ್‌ಗೆ ಸೇರುವುದು 600. ಇಬ್ಬರೂ ಕಟ್ಟಿದ ಅನುಪಾತದ ಪ್ರಕಾರ ನಾನು 360 ತೋರಿಸುತ್ತಿದ್ದೇನೆ, ನಿಮ್ಮ ಪಾಲು 240. ಲೆಕ್ಕದ ಹಾಳೆ ಜೊತೆಗಿದೆ."

ಅಷ್ಟೇ. ಹಳೆಯ ಮಾತು ಯಾವುದನ್ನೂ ಅದರಲ್ಲಿ ಸೇರಿಸಬೇಡಿ. ಉತ್ತರ ಬರದಿದ್ದರೂ ಆ ಮೇಲ್ ನಿಮ್ಮ ಬಳಿ ದಾಖಲೆಯಾಗಿ ಉಳಿಯುತ್ತದೆ.

ಅವರ ಪಾಲಿನ ದುಡ್ಡನ್ನು ನೀವು ಕಳಿಸಿದ್ದರೆ ಅದನ್ನು ನಿಮ್ಮ ರಿಟರ್ನ್‌ನಲ್ಲಿ ಖರ್ಚು ಅಂತ ತೋರಿಸುವ ಹಾಗಿಲ್ಲ.

## ಹಂತ 6: ಫಾರ್ಮ್‌ನಲ್ಲಿ ಬರೆಯುವುದು

ನಿಮ್ಮ ಪಾಲಿನ ಅಂಕಿ ಹೋಗುವುದು 1040ರ ಶೆಡ್ಯೂಲ್ 1, ಸಾಲು 1ಕ್ಕೆ. ನಮ್ಮ ಲೆಕ್ಕದಲ್ಲಿ 360. ಬಾಕ್ಸ್ 2ರ 1,800 ಅಲ್ಲ.

1099-ಜಿ ಪೂರ್ತಿ ನಿಮ್ಮ ನಂಬರಿನಲ್ಲಿದ್ದು ನೀವು ಕಡಿಮೆ ತೋರಿಸುತ್ತಿದ್ದರೆ ಒಂದು ಪುಟದ ವಿವರಣೆ ಬರೆದಿಡಿ. ಬಾಕ್ಸ್ 2ರ ಮೊತ್ತ, ಯಾವ ವರ್ಷದ ಜಂಟಿ ರಿಟರ್ನ್, ಹಂತ 4ರ ಲೆಕ್ಕ, ಪಾಲಿನ ಆಧಾರ, ಅಂದರೆ ಇಬ್ಬರ ಡಬ್ಲ್ಯೂ-2ರ ಬಾಕ್ಸ್ 17ರ ಅಂಕಿಗಳು. ಪೇಪರ್ ರಿಟರ್ನ್ ಆದರೆ ಜೊತೆಗೆ ಲಗತ್ತಿಸಿ. ಇ-ಫೈಲ್‌ನಲ್ಲಿ ಪಿಡಿಎಫ್ ಸೇರಿಸಲು ಅವಕಾಶ ಇದ್ದರೆ ಸೇರಿಸಿ, ಇಲ್ಲದಿದ್ದರೆ ನಿಮ್ಮ ಫೈಲಿನಲ್ಲಿರಲಿ.

1099-ಜಿ ನಿಮ್ಮ ಹೆಸರಿಗೆ ಬಾರದಿದ್ದರೂ ನಿಮ್ಮ ಪಾಲು 240 ಇದ್ದರೆ ಅದೇ ಸಾಲಿನಲ್ಲಿ 240 ಬರೆಯಬೇಕು. ಭಾರತಕ್ಕೆ ವಾಪಸಾಗಿ ಈಗ 1040-ಎನ್‌ಆರ್ (ಅನಿವಾಸಿಗಳ ರಿಟರ್ನ್) ಹಾಕುವವರಿಗೂ ಶೆಡ್ಯೂಲ್ 1ರಲ್ಲಿ ಇದೇ ಸಾಲಿದೆ.

## ಹಂತ 7: ಬಡ್ಡಿ ಬೇರೆ, ಸ್ಟೇಟ್ ರಿಟರ್ನ್ ಬೇರೆ

ರಿಫಂಡ್ ತಡವಾಗಿ ಬಂದಾಗ ರಾಜ್ಯ ಬಡ್ಡಿ ಕೊಡುತ್ತದೆ. ಆ ಬಡ್ಡಿ ಯಾವಾಗಲೂ ಫೆಡರಲ್ ಆದಾಯವೇ. ಹಂತ 2ರಲ್ಲಿ ಸೊನ್ನೆ ಬಂದವರಿಗೂ ಸೇರಿ. ನಿಮ್ಮ ಪಾಲಿನ ಬಡ್ಡಿಯನ್ನು ಬ್ಯಾಂಕ್ ಬಡ್ಡಿಯ ಜೊತೆ ತೋರಿಸಿ.

ಈ ವರ್ಷದ ಸ್ಟೇಟ್ ರಿಟರ್ನ್‌ನಲ್ಲಿ ಮಾತ್ರ ಉಲ್ಟಾ. ಫೆಡರಲ್‌ನಲ್ಲಿ ಸೇರಿಸಿದ ಆ 360ನ್ನು ತುಂಬಾ ರಾಜ್ಯಗಳಲ್ಲಿ ಕಳೆಯಬೇಕು. ಕ್ಯಾಲಿಫೋರ್ನಿಯಾದಲ್ಲಿ ಶೆಡ್ಯೂಲ್ ಸಿಎಯಲ್ಲಿ, ನ್ಯೂಯಾರ್ಕ್‌ನಲ್ಲಿ ಆ ರಾಜ್ಯದ ರಿಟರ್ನ್ ಫಾರ್ಮ್ ಐಟಿ-201ರ 25ನೇ ಸಾಲಿನಲ್ಲಿ. ಮರೆತರೆ ಸುಮ್ನೆ ಜಾಸ್ತಿ ಟ್ಯಾಕ್ಸ್ ಕಟ್ಟುತ್ತೀರಿ.

## ಅಪಾಯದ ಗುರುತುಗಳು

ದುಡ್ಡು ಕೈಗೇ ಬಂದಿಲ್ಲ, ಆದರೆ ಬಾಕ್ಸ್ 2ರಲ್ಲಿ ಮೊತ್ತ ಇದೆ. ಎರಡು ಕಾರಣ ಇರಬಹುದು. ಒಂದು, ಜಂಟಿ ರಿಟರ್ನ್‌ನಲ್ಲಿ ರಿಫಂಡನ್ನು ಮುಂದಿನ ವರ್ಷದ ಟ್ಯಾಕ್ಸ್‌ಗೆ ಜಮಾ ಮಾಡಿ ಅಂತ ಕೇಳಿದ್ದಿರಿ. ಇನ್ನೊಂದು, ಒಬ್ಬರ ಹಳೆಯ ಬಾಕಿಗೆ ರಾಜ್ಯ ಅದನ್ನು ಹಿಡಿದುಕೊಂಡಿದೆ. ಎರಡೂ ರಿಫಂಡ್ ಬಂದ ಹಾಗೆಯೇ ಲೆಕ್ಕ. ಮುಂದಕ್ಕೆ ಜಮಾ ಆದದ್ದಿದ್ದರೆ ಆ ಕ್ರೆಡಿಟ್ ಯಾರಿಗೆ ಎಷ್ಟು ಅಂತ ಇಬ್ಬರೂ ಒಪ್ಪಿ ಬರೆದಿಡಿ. ಇಬ್ಬರೂ ಪೂರ್ತಿ ಕೇಳಿದರೆ ಇಬ್ಬರ ರಿಟರ್ನ್ ಕೂಡ ನಿಲ್ಲಬಹುದು.

ಚೆಕ್‌ನಲ್ಲಿ ಎರಡು ಹೆಸರು, ನಡುವೆ "ಆ್ಯಂಡ್". ಹೀಗಿದ್ದರೆ ಹಿಂಬದಿಯಲ್ಲಿ ಇಬ್ಬರ ಸಹಿಯೂ ಬೇಕು. ನನಗೆ ಗೊತ್ತಿರುವ ಒಬ್ಬರ ಚೆಕ್ ಎಂಟು ತಿಂಗಳು ಅಡುಗೆಮನೆಯ ಡ್ರಾಯರಿನಲ್ಲಿ, ರೇಷನ್ ರಸೀದಿಗಳ ಕೆಳಗೆ ಬಿದ್ದಿತ್ತು. ಸಹಿ ಕೇಳಲು ಅವರಿಗೆ ಬಾಯಿ ಬರಲಿಲ್ಲ. ಕೊನೆಗೆ ವಕೀಲರ ಮೂಲಕ ಸಹಿ ಹಾಕಿಸಿದರು. ಹಾಗೆ ಬಿಡಬೇಡಿ. ಜಂಟಿ ಅಕೌಂಟ್ ಮುಚ್ಚುವ ಮೊದಲೇ ರಿಫಂಡ್ ಅಲ್ಲಿಗೆ ಬರುವುದಿದೆಯಾ ನೋಡಿ. ಅಕೌಂಟ್ ಮುಚ್ಚಿದ್ದರೆ ದುಡ್ಡು ರಾಜ್ಯಕ್ಕೆ ವಾಪಸ್ ಹೋಗಿ, ಸಾಮಾನ್ಯವಾಗಿ ಹಳೆಯ ವಿಳಾಸಕ್ಕೆ ಪೇಪರ್ ಚೆಕ್ ಆಗಿ ಬರುತ್ತದೆ. ಆ ವಿಳಾಸದಲ್ಲಿ ಈಗ ನೀವಿಬ್ಬರೂ ಇಲ್ಲದಿರಬಹುದು, ಅಲ್ವಾ? ಐಆರ್‌ಎಸ್‌ಗೆ ವಿಳಾಸ ಬದಲಿಸಿದರೆ ಸಾಲದು, ರಾಜ್ಯದ ತೆರಿಗೆ ಇಲಾಖೆಗೆ ಬೇರೆಯಾಗಿ ತಿಳಿಸಬೇಕು.

ಸಿಪಿ2000 ನೋಟಿಸ್. ಮೂರನೆಯವರು ಕೊಟ್ಟ ಮಾಹಿತಿಗೂ ನಿಮ್ಮ ರಿಟರ್ನ್‌ಗೂ ಹೊಂದದಿದ್ದರೆ ಐಆರ್‌ಎಸ್ ಇದನ್ನು ಕಳಿಸುತ್ತದೆ. ಹೆದರಬೇಡಿ, ಇದು ಬಿಲ್ ಅಲ್ಲ, ಪ್ರಸ್ತಾವ. ಹೆದರಿ ಪೂರ್ತಿ ಮೊತ್ತಕ್ಕೆ ಒಪ್ಪಿ ಸಹಿ ಹಾಕುವವರೇ ಜಾಸ್ತಿ. ನೋಟಿಸಿನಲ್ಲಿರುವ ಗಡುವಿನೊಳಗೆ, ಸಾಮಾನ್ಯವಾಗಿ 30 ದಿನ, "ಒಪ್ಪುವುದಿಲ್ಲ" ಅನ್ನುವ ಚೌಕಕ್ಕೆ ಟಿಕ್ ಹಾಕಿ ಹಂತ 6ರ ಒಂದು ಪುಟ, ಹಳೆಯ ಶೆಡ್ಯೂಲ್ ಎ ಮತ್ತು ಇಬ್ಬರ ಡಬ್ಲ್ಯೂ-2ರ ಪ್ರತಿ ಕಳಿಸಿ. ಮೂಲ ಕಾಗದ ಕಳಿಸಬೇಡಿ.

ಈಗಾಗಲೇ ಪೂರ್ತಿ 1,800 ತೋರಿಸಿ ಟ್ಯಾಕ್ಸ್ ಕಟ್ಟಿಬಿಟ್ಟಿದ್ದೀರಿ. ಹಿಂದಿನ ವರ್ಷಗಳಲ್ಲಿ ಹೀಗಾಗಿದ್ದರೆ ಫಾರ್ಮ್ 1040-ಎಕ್ಸ್ (ತಿದ್ದುಪಡಿ ರಿಟರ್ನ್) ಹಾಕಿ ವಾಪಸ್ ಕೇಳಬಹುದು. ರಿಟರ್ನ್ ಹಾಕಿದ ದಿನದಿಂದ ಮೂರು ವರ್ಷ, ಅಥವಾ ಟ್ಯಾಕ್ಸ್ ಕಟ್ಟಿದ ದಿನದಿಂದ ಎರಡು ವರ್ಷ, ಇವೆರಡರಲ್ಲಿ ಯಾವುದು ತಡವಾಗಿ ಮುಗಿಯುತ್ತದೋ ಅಲ್ಲಿಯವರೆಗೆ ಸಮಯ ಇದೆ. ಡಿವೋರ್ಸ್ ಆದ ವರ್ಷದ ಗೊಂದಲದಲ್ಲಿ ಹಾಕಿದ ರಿಟರ್ನ್ ನಿಮ್ಮದಾಗಿದ್ದರೆ, ಅದರ ಶೆಡ್ಯೂಲ್ 1ರ ಮೊದಲ ಸಾಲನ್ನು ಈಗಲೇ ಒಮ್ಮೆ ತೆಗೆದು ನೋಡಿ.